ಹಳೇ ಬೈಕು, ಹೊಸ ಸಾಲ



ಆಯುಧಪೂಜೆ ಅಂದ್ರೆ ಗಾಡಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲ್‌ಗೆ ಚೆಂಡುಹೂವಿನ ಹಾರ ಹಾಕಿ, ಗಾಲಿ ಕೆಳಗೆ ನಿಂಬೆಹಣ್ಣು ಇಡೋ ದಿನ. ಪ್ರತಿ ವರ್ಷ ನಡೆಯೋದೇ. ಆದ್ರೆ 2025ರ ಹಬ್ಬಕ್ಕೆ ಒಂದು ವಿಶೇಷ ಇತ್ತು. ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಶೋರೂಂಗಳ ಮುಂದೆ ಶಾಮಿಯಾನ ಎದ್ದಿತ್ತು. ಎಕ್ಸ್‌ಚೇಂಜ್ ಮೇಳ ನಡೀತಾ ಇತ್ತು. ‘ಹಳೇದು ತನ್ನಿ, ಹೊಸದು ಒಯ್ಯಿರಿ’ ಅಂತ ಆಟೋದಲ್ಲಿ ಮೈಕ್ ಕಟ್ಟಿ ಕೂಗ್ತಾ ಇದ್ರು.

ಹಾಗಾಗಿ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ಹತ್ತು ಹದಿನೈದು ವರ್ಷದಿಂದ ಅಂಗಳದಲ್ಲಿ ನಿಂತಿರೋ ಆ ಗಾಡಿಗೇ ಈ ವರ್ಷವೂ ಹಾರ ಹಾಕೋದಾ, ಅಥವಾ ಹೊಸದಕ್ಕಾ? ಮಗ ಒಂದು ಹೇಳ್ತಾನೆ, ಅಪ್ಪ ಇನ್ನೊಂದು ಹೇಳ್ತಾರೆ, ಲೆಕ್ಕ ಇಡೋ ಅಮ್ಮನನ್ನು ಯಾರೂ ಕೇಳೋದಿಲ್ಲ. ಇವತ್ತು ಆ ಲೆಕ್ಕವನ್ನೇ ಮಾಡೋಣ.

ಮೊದಲಿಗೆ ಒಂದು ಭಯ ನಿವಾರಣೆ ಆಗಬೇಕು. ‘ಹದಿನೈದು ವರ್ಷ ಆದ ಗಾಡಿಯನ್ನ ಸರ್ಕಾರ ಗುಜರಿಗೆ ಹಾಕುತ್ತಂತೆ’ ಅನ್ನೋ ಮಾತು ಊರೂರಲ್ಲಿ ಓಡಾಡ್ತಾ ಇದೆ. ಅದು ದೆಹಲಿಯ ಸುದ್ದಿ. ಅಲ್ಲಿನ ಗಾಳಿಯ ಸ್ಥಿತಿ ನೋಡಿ 10 ವರ್ಷ ಮೀರಿದ ಡೀಸೆಲ್ ಗಾಡಿ, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂತು. ಅದರ ಮೇಲೂ ಸುಪ್ರೀಂ ಕೋರ್ಟ್‌ನಲ್ಲಿ 2025ರಲ್ಲೂ ವಾದ ನಡೀತಿತ್ತು. ಕರ್ನಾಟಕದಲ್ಲಿ ನಿಮ್ಮ ಸ್ವಂತ ಬೈಕಿಗೆ ಹಾಗೇನೂ ಇಲ್ಲ. 2021ರಲ್ಲಿ ಬಂದ ಗುಜರಿ ನೀತಿ ಸ್ವಂತ ಗಾಡಿಗಳ ಮಟ್ಟಿಗೆ ಸ್ವಯಂಪ್ರೇರಿತ. 15 ವರ್ಷಕ್ಕೆ ಮುಗಿಯೋದು ಆರ್‌ಸಿ, ಗಾಡಿಯ ಆಯಸ್ಸಲ್ಲ. ಆರ್‌ಟಿಒಗೆ ಹೋಗಿ, ಗಾಡಿ ತೋರಿಸಿ, ಫೀಸು ಕಟ್ಟಿದರೆ ಮತ್ತೆ ಐದು ವರ್ಷ ಸಿಗುತ್ತೆ. ಭಯದಿಂದ ಗಾಡಿ ಮಾರೋ ಅಗತ್ಯ ಯಾರಿಗೂ ಇಲ್ಲ.

ಗಾಡಿಯ ಆಯಸ್ಸು ಎಷ್ಟು ಅಂತ ತಿಳಿಯೋಕೆ ದೂರ ಹೋಗೋದು ಬೇಡ, ನಮ್ಮ ಮೈಸೂರಿಗೆ ಹೋಗೋಣ. 1960ರಲ್ಲಿ ಅಲ್ಲಿ ಐಡಿಯಲ್ ಜಾವಾ ಕಂಪನಿ ಶುರುವಾಯ್ತು. ಜೆಕೊಸ್ಲೊವಾಕಿಯಾದ ತಂತ್ರಜ್ಞಾನ, ಮೈಸೂರಿನ ಕೈಗಳು. ಜಾವಾ ಬಂತು, 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದ್ರೆ ಅಲ್ಲಿ ತಯಾರಾದ ಅತಿ ಚಿಕ್ಕ ವಯಸ್ಸಿನ ಯೆಜ್ಡಿಗೂ ಇವತ್ತು ಸುಮಾರು 30 ವರ್ಷ! ಹಾಗಿದ್ದೂ ಮೈಸೂರು, ಬೆಂಗಳೂರಿನ ರಸ್ತೆಗಳಲ್ಲಿ ಭಾನುವಾರ ಬೆಳಗ್ಗೆ ಆ ಸದ್ದು ಇನ್ನೂ ಕೇಳುತ್ತೆ. ಕಂಪನಿ ಇಲ್ಲ, ಶೋರೂಂ ಇಲ್ಲ, ವಾರಂಟಿ ಇಲ್ಲ. ಇರೋದು ಆ ಎಂಜಿನ್‌ನ ಸದ್ದು ಕೇಳಿಯೇ ಕಾಯಿಲೆ ಹೇಳೋ ಮೆಕ್ಯಾನಿಕ್‌ಗಳು, ಬಿಡಿಭಾಗ ಹುಡುಕಿ ಕೊಡೋ ಒಂದಷ್ಟು ಅಂಗಡಿಗಳು, ಮತ್ತು ಮಾಲೀಕರ ಹಠ.

ಇದರಿಂದ ಒಂದು ಪಾಠ ಸಿಗುತ್ತೆ. ಬೈಕಿನ ಆಯಸ್ಸನ್ನ ಕ್ಯಾಲೆಂಡರ್ ತೀರ್ಮಾನ ಮಾಡೋದಿಲ್ಲ. ಬಿಡಿಭಾಗ ಸಿಗುತ್ತಾ, ರಿಪೇರಿ ಮಾಡೋ ಕೈ ಇದೆಯಾ, ಅದು ತೀರ್ಮಾನ ಮಾಡುತ್ತೆ. ಆದ್ರೆ ಇನ್ನೊಂದು ಮುಖವನ್ನೂ ಹೇಳಬೇಕು. ಆ ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು, ಹೊಗೆ ಜಾಸ್ತಿ. ಅವುಗಳಲ್ಲಿ ಬಹುತೇಕ ಗಾಡಿಗಳು ಪ್ರೀತಿಗಾಗಿ ಉಳಿದಿವೆ, ಹೊಟ್ಟೆಪಾಡಿಗಾಗಿ ಅಲ್ಲ. ದಿನಾ ನೂರು ಕಿಲೋಮೀಟರ್ ಓಡಿಸೋ ಗಾಡಿಯ ಲೆಕ್ಕವೇ ಬೇರೆ.

ಹಾಗಾದ್ರೆ ಲೆಕ್ಕಕ್ಕೆ ಬರೋಣ. ಪೆನ್ನು ಪೇಪರ್ ತಗೊಳ್ಳಿ. ನಾನು ಹೇಳೋ ಮೊತ್ತಗಳು ಉದಾಹರಣೆಗೆ ಮಾತ್ರ, ನಿಮ್ಮ ಗಾಡಿಯ ನಿಮ್ಮ ಲೆಕ್ಕ ಹಾಕಿಕೊಳ್ಳಿ.

ತೆರಿಗೆ ಸೇರಿಸದೆ 70 ಸಾವಿರ ರೂಪಾಯಿಯ ಒಂದು ಬೈಕು ಅಂದುಕೊಳ್ಳಿ. ಶೇಕಡಾ 28 ಇದ್ದಾಗ ಜಿಎಸ್‌ಟಿ 19,600. ಈಗ ಶೇಕಡಾ 18 ಅಂದ್ರೆ 12,600. ಉಳಿತಾಯ 7 ಸಾವಿರ. ಸಂತೋಷ, ಇಲ್ಲ ಅನ್ನೋದಿಲ್ಲ. ಈಗ ಅದರ ಮೇಲೆ ರೋಡ್ ಟ್ಯಾಕ್ಸು, ಇನ್ಶೂರೆನ್ಸು ಎಲ್ಲಾ ಸೇರಿ ಒಂದು ಲಕ್ಷ ಆಯ್ತು ಅನ್ನಿ. ಕೈಯಿಂದ 20 ಸಾವಿರ ಕಟ್ಟಿ, ಉಳಿದ 80 ಸಾವಿರ ಸಾಲ ಮಾಡ್ತೀರಿ. ‘ಬರೀ ಹತ್ತು ಪರ್ಸೆಂಟ್ ಸರ್’ ಅಂತಾರೆ. ಇಲ್ಲೇ ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು. ಆ ಹತ್ತು ಪರ್ಸೆಂಟು ಫ್ಲಾಟ್ ಬಡ್ಡಿಯಾ, ರೆಡ್ಯೂಸಿಂಗ್ ಬಡ್ಡಿಯಾ?

ಫ್ಲಾಟ್ ಅಂದ್ರೆ, ನೀವು ಅಸಲು ತೀರಿಸ್ತಾ ಬಂದರೂ ಮೂರು ವರ್ಷವೂ ಪೂರ್ತಿ 80 ಸಾವಿರದ ಮೇಲೇ ಬಡ್ಡಿ. ವರ್ಷಕ್ಕೆ 8 ಸಾವಿರ, ಮೂರು ವರ್ಷಕ್ಕೆ 24 ಸಾವಿರ. ತಿಂಗಳ ಕಂತು ಸುಮಾರು 2,890 ರೂಪಾಯಿ. ಬ್ಯಾಂಕಿನ ಮಾಮೂಲಿ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಶೇಕಡಾ 18ರ ಬಡ್ಡಿ! ಸರ್ಕಾರ ತೆರಿಗೆಯಲ್ಲಿ 7 ಸಾವಿರ ಬಿಟ್ಟಿತು, ನೀವು ಬಡ್ಡಿಯಲ್ಲಿ 24 ಸಾವಿರ ಕಟ್ಟಿದಿರಿ. ಹಬ್ಬದ ಆಫರ್ ಯಾರಿಗೆ ಸಿಕ್ಕಿತು, ನೀವೇ ಹೇಳಿ.

‘ಆದ್ರೆ ಹೊಸ ಗಾಡಿ ಮೈಲೇಜ್ ಕೊಡುತ್ತಲ್ಲ’ ಅಂತೀರಿ. ಸರಿ, ಅದನ್ನೂ ನೋಡೋಣ. ಮೇಷ್ಟ್ರೊಬ್ಬರು ದಿನಕ್ಕೆ 40 ಕಿಲೋಮೀಟರ್ ಓಡಾಡ್ತಾರೆ, ತಿಂಗಳಿಗೆ ಸಾವಿರ. ಹಳೇ ಗಾಡಿ ಲೀಟರಿಗೆ 45 ಕೊಡುತ್ತೆ, ಹೊಸದು 60 ಕೊಡುತ್ತೆ ಅನ್ನಿ. ಉಳಿಯೋದು ತಿಂಗಳಿಗೆ ಐದೂವರೆ ಲೀಟರ್. ಲೀಟರಿಗೆ ನೂರು ರೂಪಾಯಿ ಲೆಕ್ಕ ಹಿಡಿದರೂ 550 ರೂಪಾಯಿ. 550 ಉಳಿಸೋಕೆ 2,890 ಕಟ್ಟಿದ ಹಾಗಾಯ್ತು. ಅದೇ ಮೇಷ್ಟ್ರು ಎಂಜಿನ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ, ಚೈನು ಸ್ಪ್ರಾಕೆಟ್ಟು, ಎರಡು ಟೈರು, ಬ್ರೇಕ್ ಶೂ ಎಲ್ಲಾ ಬದಲಾಯಿಸಿ 15 ಸಾವಿರ ಖರ್ಚು ಮಾಡಿದರು ಅಂತಾನೇ ಇಟ್ಟುಕೊಳ್ಳಿ. ಐದಾರು ತಿಂಗಳ ಕಂತಿಗೆ ಸಮ ಆಯ್ತು, ಗಾಡಿ ಇನ್ನೂ ನಾಲ್ಕೈದು ವರ್ಷ ಓಡುತ್ತೆ. ಮೇಷ್ಟ್ರು ಹಳೇ ಗಾಡಿಗೇ ಹಾರ ಹಾಕಲಿ.

ಈಗ ಇದೇ ಲೆಕ್ಕವನ್ನ ಊಟ ತಲುಪಿಸೋ ಹುಡುಗನಿಗೆ ಹಾಕಿ. ಅವನು ದಿನಕ್ಕೆ ನೂರು ಕಿಲೋಮೀಟರ್ ಓಡಿಸ್ತಾನೆ, ತಿಂಗಳಿಗೆ 2,600. ಮೈಲೇಜ್ ವ್ಯತ್ಯಾಸದಲ್ಲೇ ಸುಮಾರು 1,440 ರೂಪಾಯಿ ಉಳಿಯುತ್ತೆ. ಹಳೇ ಗಾಡಿ ತಿಂಗಳಿಗೆ ಎರಡು ದಿನ ಗ್ಯಾರೇಜ್‌ನಲ್ಲಿ ನಿಂತರೆ, ದಿನಕ್ಕೆ 800ರ ಹಾಗೆ 1,600 ರೂಪಾಯಿ ದುಡಿಮೆ ಹೋಯ್ತು. ಎರಡೂ ಸೇರಿದರೆ 3,040, ಕಂತಿಗಿಂತ ಜಾಸ್ತಿ! ರಿಪೇರಿ ಖರ್ಚು ಇನ್ನೂ ಸೇರಿಸಿಲ್ಲ. ಈ ಹುಡುಗನಿಗೆ ‘ಹಳೇದೇ ಚೆನ್ನಾಗಿದೆ, ಸುಮ್ನಿರು’ ಅಂತ ಬುದ್ಧಿ ಹೇಳೋದು ತಪ್ಪು. ಅವನಿಗೆ ಗಾಡಿ ಶೋಕಿ ಅಲ್ಲ, ಅನ್ನ. ಹೊಸದೇ ತಗೊಳ್ಳಲಿ, ಬಡ್ಡಿಯನ್ನ ಮಾತ್ರ ಬರಹದಲ್ಲಿ ಕೇಳಿ, ನಾಲ್ಕು ಕಡೆ ವಿಚಾರಿಸಿ ತಗೊಳ್ಳಲಿ.

ನೋಡಿ, ಒಂದೇ ಗಾಡಿ, ಒಂದೇ ಸಾಲ. ಮೇಷ್ಟ್ರಿಗೆ ನಷ್ಟ, ಹುಡುಗನಿಗೆ ಲಾಭ. ಪಕ್ಕದ ಮನೆಯವರು ತಗೊಂಡರು ಅಂತ ತಗೊಳ್ಳೋದು, ಪಕ್ಕದ ಮನೆಯವರು ತಗೊಳ್ಳಲಿಲ್ಲ ಅಂತ ಬಿಡೋದು, ಎರಡೂ ಲೆಕ್ಕ ಅಲ್ಲ.

ಇನ್ನು ದುಡ್ಡಿನ ಲೆಕ್ಕಕ್ಕೆ ಸಿಗದ ವಿಷಯ ಒಂದಿದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1 ಲಕ್ಷ 68 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದ್ದು, ವೇಗ, ಗುಂಡಿ, ಕಾರಣ ಹಲವಾರು. ಆದ್ರೆ ಬ್ರೇಕು ನಿಮ್ಮ ಕೈಯಲ್ಲಿರೋ ಕಾರಣ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕ ಗಾಡಿಗಳಿಗೆ ಕನಿಷ್ಠ ಸಿಬಿಎಸ್ ಕಡ್ಡಾಯ ಆಗಿದೆ. ಎಬಿಎಸ್ ಇದ್ದರೆ ಗಾಬರಿಯಲ್ಲಿ ಬ್ರೇಕ್ ಅದುಮಿದಾಗ ಚಕ್ರ ಲಾಕ್ ಆಗಿ ಜಾರೋದು ತಪ್ಪುತ್ತೆ. ಸಿಬಿಎಸ್‌ನಲ್ಲಿ ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಹಿಡಿತ ಸಿಗುತ್ತೆ. ನಿಮ್ಮ ಹಳೇ ಗಾಡಿಯಲ್ಲಿ ಇವೆರಡೂ ಇಲ್ಲ. ಅದಕ್ಕೆ ಗಾಡಿಯನ್ನ ಎಸೀಬೇಕು ಅಂತ ನಾನು ಹೇಳೋದಿಲ್ಲ. ಆದ್ರೆ ಗಾಡಿ ಉಳಿಸಿಕೊಳ್ತೀನಿ ಅನ್ನೋರು ಬ್ರೇಕು, ಟೈರಿನ ವಿಷಯದಲ್ಲಿ ಜುಗ್ಗತನ ಮಾಡಬಾರದು. ನುಣ್ಣಗೆ ಸವೆದ ಟೈರಿನಲ್ಲಿ, ಹಿಂದೆ ಹೆಂಡತಿ, ಮುಂದೆ ಟ್ಯಾಂಕ್ ಮೇಲೆ ಮಗು ಕೂರಿಸಿಕೊಂಡು ಹೋಗೋದು ಉಳಿತಾಯ ಅಲ್ಲ.

ಚಾಸಿಗೆ ತುಕ್ಕು ಹಿಡಿದಿದ್ದರೆ, ಎಲ್ಲೋ ಬಿದ್ದು ಫ್ರೇಮ್ ಬಾಗಿದ್ದರೆ, ಅಲ್ಲಿಗೆ ಮುಗೀತು. ಎಂಜಿನ್ ಸರಿ ಮಾಡಬಹುದು, ಬೆನ್ನುಮೂಳೆ ಮುರಿದ ಗಾಡಿಯ ಮೇಲೆ ದುಡ್ಡು ಸುರೀಬೇಡಿ.

ಪೆಟ್ರೋಲಿನ ಬಗ್ಗೆಯೂ ಬಹಳ ಜನ ಕೇಳ್ತಾರೆ. ಈಗ ಬಂಕ್‌ನಲ್ಲಿ ಸಿಗೋದು ಶೇಕಡಾ 20 ಎಥೆನಾಲ್ ಬೆರೆಸಿದ ಇ20. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತೆ. ಹಳೇ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಅದು ಸಣ್ಣ ಖರ್ಚು. ಮುಂದಿನ ಸರ್ವಿಸ್‌ನಲ್ಲಿ ಪೆಟ್ರೋಲ್ ಪೈಪು, ಕಾರ್ಬ್ಯುರೇಟರ್ ನೋಡಿ ಅಂತ ಮೆಕ್ಯಾನಿಕ್‌ಗೆ ಹೇಳಿ. ಎಥೆನಾಲ್ ನೀರಿನ ಅಂಶ ಎಳೆದುಕೊಳ್ಳುತ್ತೆ, ಅದಕ್ಕೇ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬೇಡಿ.

ಈಗ ಇವತ್ತಿನ ಮುಖ್ಯ ಮಾತು. ದಯವಿಟ್ಟು ಗಮನವಿಟ್ಟು ಕೇಳಿ.

ಹಳೇದು ಇಟ್ಟುಕೊಳ್ಳೋರಿಗೆ: ನಿಮ್ಮ ಆರ್‌ಸಿ ತೆಗೆದು ದಿನಾಂಕ ನೋಡಿ. ಅವಧಿ ಮುಗಿದ ಮೇಲೆ ಓಡಿಸಿದರೆ ದಂಡ ಇದೆ. ತಡವಾದ ಪ್ರತಿ ತಿಂಗಳಿಗೂ ಫೀಸು ಬೆಳೆಯುತ್ತೆ. ಇನ್ಶೂರೆನ್ಸ್ ನೋಡಿ. ಹೊಸ ಗಾಡಿಗೆ 2018ರ ಸೆಪ್ಟೆಂಬರ್‌ನಿಂದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಮಾಡಿಸಬೇಕು. ಹಳೇ ಗಾಡಿಯವರು ತಾವೇ ನೆನಪಿಟ್ಟು ಕಟ್ಟಬೇಕು, ಅಲ್ಲೇ ಮರೀತಾರೆ. ವಿಮೆ ಇಲ್ಲದ ಗಾಡಿ ಒಬ್ಬರಿಗೆ ತಗುಲಿ ಪ್ರಾಣ ಹೋದರೆ, ಕೋರ್ಟ್ ಹೇಳೋ ಪರಿಹಾರ ಮಾಲೀಕನ ಜೇಬಿನಿಂದಲೇ ಹೋಗಬೇಕು. ಇಪ್ಪತ್ತು ಸಾವಿರದ ಗಾಡಿಗೆ ಎರಡೆಕರೆ ಜಮೀನು ಮಾರಬೇಕಾದ ಸ್ಥಿತಿ ಯಾರಿಗೂ ಬೇಡ.

ಹಳೇದು ಕೊಟ್ಟುಬಿಡೋರಿಗೆ: ಎಕ್ಸ್‌ಚೇಂಜ್ ಮೇಳದಲ್ಲಿ ಕೀಲಿ ಕೊಟ್ಟು, ಸಿಹಿ ತಿಂದು ಬಂದುಬಿಡ್ತೀರಿ. ಆ ಗಾಡಿ ಎಲ್ಲಿಗೆ ಹೋಯ್ತು? ಯಾರ ಹೆಸರಿನಲ್ಲಿದೆ? ಆರ್‌ಸಿಯಲ್ಲಿ ಇನ್ನೂ ನಿಮ್ಮ ಹೆಸರೇ ಇದ್ದರೆ, ಕಾನೂನಿನ ಕಣ್ಣಲ್ಲಿ ಮಾಲೀಕ ನೀವೇ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿದೆ. ಗಾಡಿ ನಾಲ್ಕು ಕೈ ಬದಲಾಯಿಸಿದ್ದರೂ, ಅಪಘಾತವಾದರೆ ಹೊಣೆ ದಾಖಲೆಯಲ್ಲಿ ಹೆಸರಿರೋ ವ್ಯಕ್ತಿಯದ್ದು. ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ ಬಂದರೆ ಸಾಲದು. ಹೆಸರು ವರ್ಗಾವಣೆ ಆಯ್ತಾ ಅಂತ ಆನ್‌ಲೈನ್‌ನಲ್ಲಿ ನೋಡೋವರೆಗೂ ಬಿಡಬೇಡಿ. ಅಪ್ಪನ ಹೆಸರಿನ ಗಾಡಿ, ಅಪ್ಪ ತೀರಿಹೋಗಿದ್ದಾರೆ, ಯಾರೂ ಹೆಸರು ಬದಲಾಯಿಸಿಲ್ಲ, ಇಂಥ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ? ಮೊದಲು ಅದನ್ನ ಸರಿ ಮಾಡಿಸಿ.

ಮಧ್ಯದ ದಾರಿಯೂ ಒಂದಿದೆ. ಹೊಸದಕ್ಕೆ ದುಡ್ಡಿಲ್ಲ, ಹಳೇದು ಕೈ ಕೊಡ್ತಾ ಇದೆ ಅನ್ನೋರು, 2020ರ ಏಪ್ರಿಲ್ ನಂತರದ ಸೆಕೆಂಡ್ ಹ್ಯಾಂಡ್ ಬಿಎಸ್-6 ಗಾಡಿ ನೋಡಬಹುದು. ಹೊಗೆ ಕಡಿಮೆ, ಸಿಬಿಎಸ್ ಅಥವಾ ಎಬಿಎಸ್ ಇರುತ್ತೆ, ಆರ್‌ಸಿಯಲ್ಲಿ ಇನ್ನೂ ಹಲವು ವರ್ಷದ ಅವಧಿ ಉಳಿದಿರುತ್ತೆ. ಮೊದಲ ಮಾಲೀಕ ರೋಡ್ ಟ್ಯಾಕ್ಸ್ ಕಟ್ಟಿ ಆಗಿರುತ್ತೆ. ನಂಬಿಕೆಯ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ, ಮೊದಲಿನ ಸಾಲ ತೀರಿದೆಯಾ ಅಂತ ಆರ್‌ಸಿಯಲ್ಲಿ ನೋಡಿ, ಆಮೇಲೆ ಮಾತಾಡಿ.

ಹೊಸ ಗಾಡಿ ತಗೊಳ್ಳೋದು ತಪ್ಪಲ್ಲ. ದುಡಿದು ತಗೊಂಡ ಗಾಡಿಯ ಸಂತೋಷ ದೊಡ್ಡದು. ಹಳೇ ಗಾಡಿ ಓಡಿಸೋದು ಅವಮಾನವೂ ಅಲ್ಲ. ಸ್ಟ್ಯಾಂಡ್‌ನಲ್ಲಿ ಪಕ್ಕದ ಹೊಸ ಬೈಕ್ ನೋಡಿ ತಲೆ ತಗ್ಗಿಸಬೇಡಿ, ಅದರ ಮೇಲೆ ಎಷ್ಟು ಕಂತು ಬಾಕಿ ಇದೆಯೋ ಯಾರಿಗೆ ಗೊತ್ತು!

ಆಯುಧಪೂಜೆಯ ದಿನ ಗಾಡಿ ತೊಳೆಯುವಾಗ ನಾಲ್ಕು ಕೆಲಸ ಮಾಡಿ. ಬ್ರೇಕ್ ಹಿಡಿದು ನೋಡಿ, ಟೈರ್ ಮುಟ್ಟಿ ನೋಡಿ, ಆರ್‌ಸಿ ತೆಗೆದು ನೋಡಿ, ವಿಮೆಯ ದಿನಾಂಕ ನೋಡಿ. ಆಮೇಲೆ ಹಾರ ಹಾಕಿ. ಅದು ಹಳೇ ಗಾಡಿಗೋ ಹೊಸದಕ್ಕೋ, ನಿಮ್ಮ ಮನೆಯ ಲೆಕ್ಕದ ಪುಸ್ತಕ ಹೇಳಲಿ, ಶೋರೂಂನ ಮೈಕ್ ಅಲ್ಲ.

ಎಲ್ಲರಿಗೂ ಹಬ್ಬದ ಶುಭಾಶಯ. ಹೆಲ್ಮೆಟ್ ಮರೀಬೇಡಿ.