ಕಟ್ಟಡದೊಳಗೆ ಅಂಧರ ದಾರಿ



ಕಣ್ಣಿಲ್ಲದವನಿಗೆ ಬೀದಿಯಲ್ಲಿ ನಡೆಯುವುದು ಕಷ್ಟವೆಂದೂ, ಒಳಹೊಕ್ಕ ಮೇಲೆ ಚಿಂತೆಯಿಲ್ಲವೆಂದೂ ಲೋಕರು ತಿಳಿದಿರುವರು. ಪರಿಚಿತವಾದ ಮನೆಯ ಮಟ್ಟಿಗೆ ಇದು ನಿಜ. ಆದರೆ ಈ ಕಾಲದ ವಿಮಾನನಿಲ್ದಾಣ, ಆಸ್ಪತ್ರೆ, ನೆಲದಡಿಯ ರೈಲುನಿಲ್ದಾಣಗಳಲ್ಲಿ ಸ್ಥಿತಿಯು ತಿರುವುಮುರುವಾಗುವುದು. ಬೀದಿಯಲ್ಲಿ ಗಾಳಿಯ ದಿಕ್ಕುಂಟು, ಬಿಸಿಲಿನ ಕಾವುಂಟು, ಗಾಡಿಗಳ ಸದ್ದುಂಟು. ವಿಶಾಲವಾದ ಹಜಾರದಲ್ಲಾದರೋ ಶಬ್ದವು ನಾಲ್ಕು ಗೋಡೆಗಳಿಂದಲೂ ಮರುದನಿಗೊಡುವುದರಿಂದ, ಕೈಗೋಲು ಹಿಡಿದವನಿಗೆ ಆಶ್ರಯಿಸತಕ್ಕ ಅಂಚೇ ದೊರೆಯದು.

ಜಪಾನಿನ ಸೇಯಿಚಿ ಮಿಯಾಕೆ ಎಂಬವರು 1965ರಲ್ಲಿ ಕಲ್ಪಿಸಿದ ಉಬ್ಬುಗುರುತಿನ ಹಾಸುಬಿಲ್ಲೆಯು 1967ನೆಯ ಮಾರ್ಚಿಯಲ್ಲಿ ಓಕಾಯಾಮಾ ನಗರದ ಅಂಧಶಾಲೆಯ ಸಮೀಪದಲ್ಲಿ ಮೊದಲು ಹಾಸಲ್ಪಟ್ಟಿತು. ಇಂದು ನಮ್ಮ ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿಯೂ ಈ ಬಗೆಯ ಬಿಲ್ಲೆಗಳನ್ನು ಕಾಣಬಹುದು. ಉದ್ದಗೆರೆಯಿದ್ದರೆ ನಡೆ, ಚುಕ್ಕೆಗಳಿದ್ದರೆ ನಿಲ್ಲು ಎಂಬುದನ್ನು ಪಾದವೇ ಓದಿಕೊಳ್ಳುವುದು. ಆದರೆ ದಾರಿಯಿದೆಯೆಂದು ಹೇಳುವ ಬಿಲ್ಲೆಯು, ಆ ದಾರಿ ಎಲ್ಲಿಗೆಂಬುದನ್ನು ಹೇಳಲಾರದು.

ಆಕಾಶದ ಉಪಗ್ರಹಗಳನ್ನು ಕೇಳೋಣವೆಂದರೆ, ಇಪ್ಪತ್ತು ಸಾವಿರ ಕಿಲೋಮೀಟರುಗಳಿಗೂ ಮೇಲಿನಿಂದ ಬರುವ ಆ ಕ್ಷೀಣ ಸಂಕೇತವು ಕಾಂಕ್ರೀಟು ಛಾವಣಿಯನ್ನು ಭೇದಿಸಿ ಒಳಬರುವುದು ದುರ್ಲಭ. ಆದುದರಿಂದ ಕಟ್ಟಡದ ಗೋಡೆಗಳಲ್ಲಿಯೇ ಬ್ಲೂಟೂತ್ ಸಂಕೇತವನ್ನು ಬೀರುವ ಸಣ್ಣ ಪೆಟ್ಟಿಗೆಗಳನ್ನು, ಅಂದರೆ ಬೀಕನ್ನುಗಳನ್ನು, ಅಲ್ಲಲ್ಲಿ ಇಡುವ ಉಪಾಯವನ್ನು ಕಂಡುಕೊಂಡರು. ಯಾವ ಪೆಟ್ಟಿಗೆಯ ಸಂಕೇತ ಎಷ್ಟು ಬಲವಾಗಿ ಬರುತ್ತಿದೆಯೆಂಬುದನ್ನು ಕೈಯಲ್ಲಿರುವ ಮೊಬೈಲು ಗಣಿಸಿ, ನಿಂತ ಸ್ಥಳವನ್ನು ಊಹಿಸಿ, ಮುಂದಿನ ತಿರುವನ್ನು ಕಿವಿಯಲ್ಲಿ ಉಸುರುವುದು. ಲಂಡನ್ನಿನ ಪಿಮ್ಲಿಕೋ ಎಂಬ ಭೂಗರ್ಭ ರೈಲುನಿಲ್ದಾಣದಲ್ಲಿ 2015ರಲ್ಲಿ ವೇಫೈಂಡರ್ ಎಂಬ ಹೆಸರಿನಿಂದ ಇದನ್ನು ಅಂಧರೊಡನೆಯೇ ಪರೀಕ್ಷಿಸಿದರು.

ಆದರೆ ಈ ಗಣನೆಯು ಸುಲಭವಲ್ಲ. ಮನುಷ್ಯದೇಹದ ಜಲಾಂಶವು ಆ ಸಂಕೇತವನ್ನು ಹೀರಿಕೊಳ್ಳುವುದರಿಂದ, ಬರಿದಾದ ಹಜಾರದಲ್ಲಿ ಸರಿಯಾದ ಲೆಕ್ಕವು ಜನಸಂದಣಿಯಲ್ಲಿ ತಪ್ಪುವುದು. ಒಂದೆರಡು ಮೀಟರಿನ ತಪ್ಪು ಕಣ್ಣುಳ್ಳವನಿಗೆ ಲೆಕ್ಕಕ್ಕಿಲ್ಲ. ಕಣ್ಣಿಲ್ಲದವನಿಗೆ ಅದು ಬಾಗಿಲಿಗೂ ಗೋಡೆಗೂ ಇರುವ ಅಂತರ, ಕೆಲವೊಮ್ಮೆ ಹಳಿಯ ಅಂಚಿಗೂ ಇರುವ ಅಂತರ. ಪೆಟ್ಟಿಗೆಯ ಬ್ಯಾಟರಿ ತೀರಿದರೆ ಬದಲಾಯಿಸುವವರು ಯಾರು? ಪೆಟ್ಟಿಗೆಯನ್ನು ಗೋಡೆಗೆ ಅಂಟಿಸಿದ ದಿನದ ಉತ್ಸಾಹವು ವರ್ಷಾಂತರದಲ್ಲಿ ಉಳಿಯುವುದು ಅಪರೂಪ. ಕಿವಿಯನ್ನು ಮುಚ್ಚುವ ಉಪಕರಣವಂತೂ ಕೂಡದು. ಅಂಧನಿಗೆ ಲೋಕವಿರುವುದೇ ಕಿವಿಯಲ್ಲಿ.

ಈ ಕಾರ್ಯದಲ್ಲಿ ಅಗ್ರಗಣ್ಯರಾದವರು ಜಪಾನಿನ ಚಿಯೇಕೊ ಆಸಾಕಾವಾ. ಬಾಲ್ಯದಲ್ಲಿ ಈಜುಕೊಳದಲ್ಲಾದ ಪೆಟ್ಟಿನಿಂದ ಹದಿನಾಲ್ಕನೆಯ ವಯಸ್ಸಿಗೆ ದೃಷ್ಟಿಯನ್ನು ಪೂರ್ಣವಾಗಿ ಕಳೆದುಕೊಂಡ ಈಕೆ, ಐಬಿಎಂ ಸಂಸ್ಥೆಯ ಸಂಶೋಧಕರಾಗಿ, ಅಮೆರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರೊಡನೆ ನ್ಯಾವ್‌ಕಾಗ್ ಎಂಬ ದಾರಿತೋರುಕವನ್ನು ನಿರ್ಮಿಸಿದರು. 2021ರಲ್ಲಿ ಟೋಕಿಯೋ ನಗರದ ಮಿರಾಯ್‌ಕಾನ್ ವಿಜ್ಞಾನಸಂಗ್ರಹಾಲಯದ ಮುಖ್ಯಸ್ಥೆಯಾದರು. ಕೈಹಿಡಿದು ನಡೆಸುವವರು ಅಂಧನಿಗೆ ದೊರೆಯುವುದಿಲ್ಲವೆಂದಲ್ಲ. ಆದರೆ ಅವರ ಬಿಡುವನ್ನು ಕಾದು, ಅವರು ಹೋಗುವಲ್ಲಿಗೆ ಹೋಗಿ, ಅವರು ನಿಲ್ಲಿಸಿದಲ್ಲಿ ನಿಲ್ಲಬೇಕು. ತನಗೆ ಬೇಕೆನಿಸಿದ ಗಳಿಗೆಯಲ್ಲಿ, ಯಾರಿಗೂ ಹೇಳದೆ ಎದ್ದುಹೋಗುವ ಸ್ವಾತಂತ್ರ್ಯದ ಬೆಲೆಯನ್ನು ಸ್ವತಃ ಅರಿತವರಿಂದಲೇ ಇಂಥ ಶೋಧವು ಹೊರಟಿತೆಂಬುದು ಗಮನಾರ್ಹ.

ಪ್ರಯಾಣದಲ್ಲಿ ತಮ್ಮ ಮುಂದೆ ತಳ್ಳಿಕೊಂಡು ಹೋಗುತ್ತಿದ್ದ ಗಾಲಿಪೆಟ್ಟಿಗೆಯೇ ಗೋಡೆ, ಮೆಟ್ಟಿಲುಗಳನ್ನು ಮೊದಲು ಮುಟ್ಟಿ ತಿಳಿಸುವುದೆಂದು ಕಂಡ ಆಸಾಕಾವಾ ಅವರಿಗೆ, ಆ ಪೆಟ್ಟಿಗೆಗೇ ಬುದ್ಧಿಯನ್ನು ಕೊಡುವ ಯೋಚನೆ ಹೊಳೆಯಿತು. ಕ್ಯಾಮೆರಾ, ಲೇಸರ್ ಕಿರಣ, ಮೋಟಾರುಗಳುಳ್ಳ ಈ ಪೆಟ್ಟಿಗೆಯು ಎದುರು ಬರುವವರನ್ನು ತಪ್ಪಿಸಿಕೊಂಡು ಒಡೆಯನನ್ನು ಕರೆದೊಯ್ಯುವುದು. ತಿರುವನ್ನು ಹಿಡಿಯ ಕಂಪನದಿಂದ ಅಂಗೈಗೆ ತಿಳಿಸುವುದು. ಕಿವಿಗೆ ಬಿಡುವು ಕೊಡುವ ಈ ಗುಣವೇ ಅದರಲ್ಲಿ ಹೆಚ್ಚಿನದು. 2025ರ ಒಸಾಕಾ ಜಾಗತಿಕ ಪ್ರದರ್ಶನದಲ್ಲಿ ಅದನ್ನು ಜನರ ಮುಂದೆ ನಡೆಸಿ ತೋರಿಸಿದರು. ಗಾಲಿಯ ಮೇಲೆ ಉರುಳುವ ವಸ್ತುವಾದುದರಿಂದ ಮೆಟ್ಟಿಲುಗಳನ್ನು ಮಾತ್ರ ಏರಲಾರದು. ಲಿಫ್ಟು ಇರುವಲ್ಲಿಗೆ ಸುತ್ತಿಕೊಂಡು ಹೋಗಬೇಕು.