ಸಿಬ್ಬಂದಿ ಅಧಿಕಾರಿಯ ಕುರ್ಚಿಯಲ್ಲಿ ಯಂತ್ರ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ವೇದಿಕೆಯ ಮೇಲೆ ಶಾಸನ, ಸಾಹಿತ್ಯ, ಗಡಿಯ ಇತಿಹಾಸ ಇವುಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಲೇಪಾಕ್ಷಿಯನ್ನು ಮಗ್ಗುಲಲ್ಲಿಟ್ಟುಕೊಂಡ ಊರಿನವರಿಗೆ ಅಂಥ ವಿಷಯಗಳಿಗೆ ಬರವೆಂಬುದಿಲ್ಲ. ಆದರೆ ಈ ಸಲ ನಾವು ಬೇರೊಂದು ಮಾತನ್ನು ಎತ್ತಿಕೊಂಡಿದ್ದೇವೆ. ಕೃತಕ ಬುದ್ಧಿಮತ್ತೆ ಎಂದು ಹೆಸರಾಗಿರುವ ಯಂತ್ರಬುದ್ಧಿಯು ನೌಕರಿ ಕೊಡುವವರ ಕಚೇರಿಯನ್ನು ಹೊಕ್ಕಿದೆ. ಈಗ ಮಾನವ ಸಂಪನ್ಮೂಲ ವಿಭಾಗವೆನ್ನಿಸಿಕೊಳ್ಳುವ, ಹಿಂದಿನವರು ಸಿಬ್ಬಂದಿ ಶಾಖೆ ಎನ್ನುತ್ತಿದ್ದ ಆ ಕಚೇರಿಯಲ್ಲಿ ನಡೆಯುತ್ತಿರುವ ಬದಲಾವಣೆ ನಮ್ಮ ಮನೆಗಳಿಗೆ ನೇರವಾಗಿ ತಟ್ಟುವಂಥದು.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಐ.ಟಿ.ಐ., ಡಿಪ್ಲೊಮಾ, ಪದವಿಗಳನ್ನು ಪಡೆದ ನಮ್ಮ ಮಕ್ಕಳು ಪೆನುಕೊಂಡದ ಕಡೆಗೂ, ಗೌರಿಬಿದನೂರು, ದೊಡ್ಡಬಳ್ಳಾಪುರ, ಬೆಂಗಳೂರುಗಳ ಕಡೆಗೂ ಅರ್ಜಿ ಕಳುಹಿಸುತ್ತಾರೆ. ಪೆನುಕೊಂಡದ ಬಳಿ 2019ರಲ್ಲಿ ಕಾರುಗಳು ತಯಾರಾಗತೊಡಗಿದ ಮೇಲಂತೂ ಕಾರ್ಖಾನೆಯ ಕೆಲಸವೆಂಬುದು ಈ ಸೀಮೆಯ ಮನೆಮಾತಾಗಿದೆ. ಅರ್ಜಿಗೆ ಉತ್ತರ ಬಾರದಿದ್ದಾಗ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: ಕನ್ನಡದಲ್ಲಿ ಓದಿಸಿದ್ದೇ ಅಡ್ಡಿಯಾಯಿತೆ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉತ್ತರ ಹೇಳುವ ಮೊದಲು ಆ ಕಚೇರಿ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

ಹಿಂದೆ ಗಿರಣಿಗಳಲ್ಲಿಯೂ ಗಣಿಗಳಲ್ಲಿಯೂ ಆಳುಗಳನ್ನು ಗೊತ್ತುಮಾಡುತ್ತಿದ್ದವನು ಮೇಸ್ತ್ರಿ. ಅವನು ತನ್ನ ಊರಿನವರನ್ನು, ತನ್ನ ಜಾತಿಯವರನ್ನು ಕರೆತರುತ್ತಿದ್ದ. ಕೆಲಸಕ್ಕೆ ಸೇರಿಸಿದ್ದಕ್ಕೆ ಮಾಮೂಲು ತೆಗೆದುಕೊಳ್ಳುತ್ತಿದ್ದ. ಮಾಮೂಲು ತಪ್ಪಿದರೆ ಆಳಿನ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕುತ್ತಿದ್ದ. 1929ರಲ್ಲಿ ನೇಮಕವಾದ ವಿಟ್ಲೆ ಆಯೋಗವು 1931ರ ತನ್ನ ವರದಿಯಲ್ಲಿ, ಆಳುಗಳನ್ನು ಸೇರಿಸಿಕೊಳ್ಳುವ ಅಧಿಕಾರವನ್ನು ಇಂಥವರ ಕೈಯಿಂದ ತಪ್ಪಿಸಿ ಅದಕ್ಕಾಗಿಯೇ ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು ಸಲಹೆ ಮಾಡಿತು. ಸ್ವಾತಂತ್ರ್ಯಾನಂತರ ಬಂದ 1948ರ ಕಾರ್ಖಾನೆಗಳ ಕಾಯಿದೆಯ 49ನೆಯ ಪ್ರಕರಣವು, 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಪ್ರತಿ ಕಾರ್ಖಾನೆಯಲ್ಲಿಯೂ ಕ್ಷೇಮಾಧಿಕಾರಿ ಇರಲೇಬೇಕೆಂದು ವಿಧಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 250ಕ್ಕೆ ಇಳಿದಿದೆ.

ಆ ಹಳೆಯ ಕಾಯಿದೆಯ ಅನುಸಾರ ರಾಜ್ಯಗಳು ಮಾಡಿಕೊಂಡ ನಿಯಮಗಳಲ್ಲಿ, ಕ್ಷೇಮಾಧಿಕಾರಿಗೆ ಇರಬೇಕಾದ ಪದವಿಗಳ ಜತೆಗೆ ಇನ್ನೊಂದು ಷರತ್ತೂ ಸಾಮಾನ್ಯವಾಗಿ ಇರುತ್ತಿತ್ತು: ಕಾರ್ಖಾನೆಯ ಬಹುಸಂಖ್ಯ ಕಾರ್ಮಿಕರು ಆಡುವ ಭಾಷೆ ಅವನಿಗೆ ಚೆನ್ನಾಗಿ ತಿಳಿದಿರಬೇಕು. ಬಹುಸಂಖ್ಯರ ಭಾಷೆಯೆಂದರೆ ಇಲ್ಲಿ ತೆಲುಗಾಗುತ್ತದೆಯಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಈ ಸೀಮೆಯಲ್ಲಿ ತೆಲುಗು ಬಲ್ಲ ಅಧಿಕಾರಿಗೆ ನಮ್ಮ ಕನ್ನಡ ಅರ್ಥವಾಗುತ್ತಿತ್ತು, ನಮಗೆ ಅವನ ತೆಲುಗು ಅರ್ಥವಾಗುತ್ತಿತ್ತು. ಸಂತೆಯಲ್ಲಿ ನಡೆಯುವಂತೆಯೇ ಅಲ್ಲಿಯೂ ಮಾತು ನಡೆದುಹೋಗುತ್ತಿತ್ತು. ಮುಖ್ಯವಾದ ಮಾತೆಂದರೆ, ಮನುಷ್ಯರ ಅಳತೆ ಮಾಡುವವನಿಗೆ ಅವರ ನುಡಿ ತಿಳಿದಿರಬೇಕೆಂದು ಸರ್ಕಾರವೇ ಬರೆದಿಟ್ಟಿತ್ತು. ಅವನ ಕುರ್ಚಿಯಲ್ಲಿ ಈಗ ಯಂತ್ರ ಬಂದು ಕುಳಿತಿದೆ. ಅದಕ್ಕೆ ಅಂಥ ಷರತ್ತನ್ನು ಯಾರೂ ಹಾಕಿಲ್ಲ. ನಾವು ಈ ಹೊತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಯಂತ್ರ ಮಾಡುವ ಕೆಲಸವಾದರೂ ಏನು? ಒಂದು ಹುದ್ದೆಗೆ ಸಾವಿರಾರು ಅರ್ಜಿಗಳು ಅಂತರ್ಜಾಲದ ಮೂಲಕ ಬಂದು ಬೀಳುತ್ತವೆ. ಅಷ್ಟನ್ನು ಓದುವ ಪುರುಸೊತ್ತು ಯಾವ ಅಧಿಕಾರಿಗೂ ಇಲ್ಲ. ಯಂತ್ರವು ಪ್ರತಿ ಅರ್ಜಿಯಿಂದಲೂ ಹೆಸರು, ಓದು, ಅನುಭವ, ಬಲ್ಲ ಕೆಲಸ ಇವುಗಳನ್ನು ಹೆಕ್ಕಿ, ಹುದ್ದೆಯ ವಿವರದೊಡನೆ ಹೋಲಿಸಿ, ಅಂಕ ಹಾಕಿ, ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸುತ್ತದೆ. ಅಧಿಕಾರಿಯ ಕಣ್ಣಿಗೆ ಬೀಳುವುದು ಆ ಸಾಲಿನ ತುದಿಯ ಕೆಲವರು ಮಾತ್ರ. ಹಿಂದಿನ ಯಂತ್ರಗಳು ಬರಿಯ ಪದಕ್ಕೆ ಪದ ಹೊಂದಿಸುತ್ತಿದ್ದವು. ಈಚಿನವು ಅರ್ಥವನ್ನೂ ಒಂದು ಮಟ್ಟಿಗೆ ಗ್ರಹಿಸುತ್ತವೆ. ನಮ್ಮ ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಇದು ಬೇಗ ಮನಸ್ಸಿಗೆ ಬರುತ್ತದೆ. ಗೂಡು ಕೊಳ್ಳುವವನು ಒಂದು ಹಿಡಿ ಗೂಡನ್ನು ಕೈಯಲ್ಲಿ ತೆಗೆದುಕೊಂಡು, ಬೆರಳಿನಿಂದ ಅದುಮಿ ನೋಡಿ, ಆಮೇಲೆ ಬೆಲೆ ಹೇಳುತ್ತಾನೆ. ಯಂತ್ರವಾದರೋ ಗೂಡನ್ನು ಮುಟ್ಟದೆ ಚೀಟಿಯನ್ನು ಓದಿ ಬೆಲೆ ಕಟ್ಟುತ್ತದೆ.

ಹಾಗೆಂದು ಯಂತ್ರವನ್ನು ಹಳಿಯುವುದಷ್ಟೇ ನಮ್ಮ ಉದ್ದೇಶವಲ್ಲ. ಅದು ಮೇಸ್ತ್ರಿಯಂತೆ ಮಾಮೂಲು ಕೇಳುವುದಿಲ್ಲ. ನಿಮ್ಮ ಸೋದರಮಾವ ಯಾರು, ಶಿಫಾರಸು ಪತ್ರ ತಂದಿದ್ದೀರಾ ಎನ್ನುವುದಿಲ್ಲ. ರಜೆ ಎಷ್ಟು ಉಳಿದಿದೆ, ಭವಿಷ್ಯನಿಧಿಗೆ ಎಷ್ಟು ಹೋಗಿದೆ ಎಂಬ ಪ್ರಶ್ನೆಗೆ ನಡುರಾತ್ರಿಯಲ್ಲಿಯೂ ಸಿಡುಕದೆ ಉತ್ತರಿಸುತ್ತದೆ. ಅದೇ ಉತ್ತರವನ್ನು ಕನ್ನಡದಲ್ಲಿ ಹೇಳಿಸಲು ಬೇಕಾದ ವಿದ್ಯೆಯೂ ಈಗ ಉಂಟು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆ ಇಂಥ ಅನುವಾದಕ್ಕೆಂದೇ ಹುಟ್ಟಿದ್ದು. ಆದರೆ ಆ ವಿದ್ಯೆಯನ್ನು ಬಳಸುವುದೂ ಬಿಡುವುದೂ ಕಂಪನಿಯ ಚಿತ್ತ. ಇನ್ನು ಸಿಬ್ಬಂದಿ ಶಾಖೆಯ ಗುಮಾಸ್ತರ ಪಾಡು ಬೇರೆ. ಐ.ಬಿ.ಎಂ. ಕಂಪನಿಯ ಮುಖ್ಯಾಧಿಕಾರಿ ಅರವಿಂದ ಕೃಷ್ಣ ಅವರು, ಅಂಥ ಒಳಕಚೇರಿಯ ಕೆಲಸಗಳಲ್ಲಿ ನೂರಕ್ಕೆ 30ರಷ್ಟು ಐದು ವರ್ಷಗಳಲ್ಲಿ ಯಂತ್ರದ ಪಾಲಾಗಬಹುದೆಂದು 2023ರ ಮೇ ತಿಂಗಳಲ್ಲಿಯೇ ಹೇಳಿದ್ದರು. ಬಿ.ಕಾಂ., ಎಂ.ಬಿ.ಎ. ಮಾಡಿ ಆ ಶಾಖೆಯನ್ನೇ ಸೇರಬೇಕೆಂದಿರುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಅವರು ಈ ಮಾತನ್ನು ಗಮನಿಸುವುದು ಒಳ್ಳೆಯದು.

ಯಂತ್ರಕ್ಕೆ ಪಕ್ಷಪಾತವಿಲ್ಲವೆಂಬ ನಂಬಿಕೆಯೊಂದು ಹರಡಿದೆ. ಅಮೆಜಾನ್ ಕಂಪನಿಯ ಕಥೆ ಇದಕ್ಕೆ ಉತ್ತರವಾಗಿದೆ. ಆ ಕಂಪನಿಯವರು 2014ರಿಂದ ಅರ್ಜಿಗಳಿಗೆ ಅಂಕ ಹಾಕುವ ಯಂತ್ರವೊಂದನ್ನು ಸಿದ್ಧಪಡಿಸತೊಡಗಿದರು. ಹಿಂದಿನ ಹತ್ತು ವರ್ಷ ತಮಗೆ ಬಂದಿದ್ದ ಅರ್ಜಿಗಳನ್ನೇ ಅದಕ್ಕೆ ಪಾಠವಾಗಿ ಕೊಟ್ಟರು. ಅವುಗಳಲ್ಲಿ ಬಹುಪಾಲು ಗಂಡಸರವು. ಗಂಡಸರೇ ಯೋಗ್ಯರೆಂದು ಯಂತ್ರ ತಾನಾಗಿ ಕಲಿತುಕೊಂಡಿತು. ಅರ್ಜಿಯಲ್ಲಿ ಮಹಿಳೆಯರ ಎಂಬ ಪದ ಕಂಡರೆ ಅಂಕ ಇಳಿಸತೊಡಗಿತು. ಕೊನೆಗೆ ಕಂಪನಿಯೇ ಆ ಯಂತ್ರವನ್ನು ಕೈಬಿಟ್ಟಿತು. ಸಂಗತಿ 2018ರಲ್ಲಿ ಪತ್ರಿಕೆಗಳಿಗೆ ತಿಳಿಯಿತು. ಹೆಣ್ಣುಮಕ್ಕಳನ್ನು ಬಿಡಬೇಕೆಂದು ಯಾರೂ ಅದಕ್ಕೆ ಹೇಳಿರಲಿಲ್ಲ. ಹಿಂದೆ ಯಾರು ಬಂದಿದ್ದರೋ ಅವರಂಥವರನ್ನೇ ಅದು ಮುಂದೆಯೂ ಹುಡುಕಿತು, ಅಷ್ಟೆ. ಇದುವರೆಗೆ ಒಂದು ಕಂಪನಿಗೆ ಕಲ್ಯಾಣದುರ್ಗದ ಕಡೆಯ ಹಳ್ಳಿಗಳಿಂದ ಯಾರೂ ಸೇರಿರದಿದ್ದರೆ ಅಲ್ಲಿಯ ಯಂತ್ರ ಏನು ಕಲಿತಿರುತ್ತದೆಂಬುದನ್ನು ನೀವೇ ಊಹಿಸಬಹುದು.

ಧ್ವನಿಯ ವಿಷಯವೂ ಹೀಗೆಯೇ. ದೂರವಾಣಿಯಲ್ಲಿ ಯಂತ್ರವೇ ಪ್ರಶ್ನೆ ಕೇಳಿ, ಉತ್ತರವನ್ನು ಬರಹಕ್ಕಿಳಿಸಿ, ಅಂಕ ಹಾಕುವ ಸಂದರ್ಶನಗಳು ಬಂದಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಐದು ದೊಡ್ಡ ಕಂಪನಿಗಳ ಇಂಥ ಆಲಿಸುವ ಯಂತ್ರಗಳನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯರ ಮಾತಿನಲ್ಲಿ ನೂರು ಪದಗಳಿಗೆ ಸುಮಾರು 19ನ್ನು ತಪ್ಪಾಗಿ ಕೇಳಿಸಿಕೊಂಡ ಯಂತ್ರಗಳು ಕರಿಯರ ಮಾತಿನಲ್ಲಿ ಸುಮಾರು 35ನ್ನು ತಪ್ಪಾಗಿ ಕೇಳಿಸಿಕೊಂಡವು. ಇಬ್ಬರೂ ಆಡಿದ್ದು ಇಂಗ್ಲಿಷೇ. ಇಬ್ಬರೂ ಹುಟ್ಟಿನಿಂದ ಆಡಿದವರೇ. ಹೀಗಿರುವಾಗ ತೆಲುಗಿನ ನಡುವೆ ಬೆಳೆದ ಕನ್ನಡದ ಹುಡುಗಿಯ ಇಂಗ್ಲಿಷು ಆ ಯಂತ್ರದ ಕಿವಿಗೆ ಹೇಗೆ ಕೇಳಿಸೀತೆಂದು ವಿಚಾರಿಸುವ ಹಕ್ಕು ನಮಗಿಲ್ಲವೆ?

ಸಭೆಯಲ್ಲಿರುವ ಉಪಾಧ್ಯಾಯರಿಗಂತೂ ಯಂತ್ರದ ಪರಿಚಯ ಮಾಡಿಕೊಡಬೇಕಾಗಿಲ್ಲ. 2022ರ ಆಗಸ್ಟಿನಲ್ಲಿ ಆಂಧ್ರಪ್ರದೇಶ ಸರ್ಕಾರವು ಶಿಕ್ಷಕರ ಹಾಜರಿಯನ್ನು ಮೊಬೈಲಿನಲ್ಲಿ ಮುಖ ಗುರುತಿಸಿ ಪಡೆಯತೊಡಗಿದಾಗ ಎದ್ದ ಗದ್ದಲ ಅವರಿಗೆ ನೆನಪಿದೆ. ಅಂಥ ಗದ್ದಲ ಮಾಡಲು ಶಿಕ್ಷಕರಿಗೆ ಸಂಘಗಳಿದ್ದವು. ಅರ್ಜಿ ಹಾಕಿ ಮನೆಯಲ್ಲಿ ಕುಳಿತ ಹುಡುಗನಿಗೆ ಸಂಘವೆಲ್ಲಿದೆ?

ಬೇರೆಡೆ ಸರ್ಕಾರಗಳು ಈ ವಿಷಯದಲ್ಲಿ ಕಣ್ತೆರೆದಿವೆ. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ, ಇಂಥ ಯಂತ್ರವನ್ನು ಬಳಸುವವರು ಅದರ ಪಕ್ಷಪಾತವನ್ನು ಹೊರಗಿನವರಿಂದ ತನಿಖೆ ಮಾಡಿಸಬೇಕು, ಅರ್ಜಿದಾರರಿಗೆ ಮುಂಚಿತವಾಗಿ ತಿಳಿಸಬೇಕು. ಯುರೋಪಿನ ಒಕ್ಕೂಟವು 2024ರ ತನ್ನ ಶಾಸನದಲ್ಲಿ ನೇಮಕಾತಿಯ ಯಂತ್ರಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿ, ಮನುಷ್ಯನ ಮೇಲ್ವಿಚಾರಣೆ ಇರಬೇಕೆಂದಿದೆ. ನಮ್ಮ ದೇಶದಲ್ಲಿ ನೇಮಕಾತಿಯ ಯಂತ್ರಕ್ಕೆಂದೇ ಕಾಯಿದೆಯಿಲ್ಲ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ನಮಗೆ ಬೇಕಾದ ಮಾತೊಂದಿದೆ. ನಮ್ಮ ವಿವರಗಳನ್ನು ನಮ್ಮ ಸಮ್ಮತಿಯ ಮೇಲೆ ತೆಗೆದುಕೊಳ್ಳುವವರು ಕೊಡಬೇಕಾದ ತಿಳಿವಳಿಕೆ ಪತ್ರವನ್ನು, ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ನಮಗಿರಬೇಕೆಂದು ಅದು ಹೇಳುತ್ತದೆ. ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಜಾರಿಯೆಂಬುದು ಹಂತಹಂತವಾದದ್ದು. ಕನ್ನಡ ಆ ಅನುಸೂಚಿಯಲ್ಲಿದೆ. ಗಡಿಯ ಈಚೆಗಿದ್ದೇವೆಂಬ ಕಾರಣಕ್ಕೆ ಈ ಹಕ್ಕು ಕುಗ್ಗುವುದಿಲ್ಲ. ನಮ್ಮ ವಿವರದಲ್ಲಿ ತಪ್ಪಿದ್ದರೆ ತಿದ್ದಿಸುವ ಹಕ್ಕನ್ನೂ ಕಾಯಿದೆ ಕೊಟ್ಟಿದೆ. ಏಕೆ ಆರಿಸಲಿಲ್ಲವೆಂದು ಕೇಳುವ ಹಕ್ಕನ್ನು ಮಾತ್ರ ಕೊಟ್ಟಿಲ್ಲ.

ಈಗ ತಂದೆತಾಯಿಗಳ ಪ್ರಶ್ನೆಗೆ ಬರುತ್ತೇವೆ. 2019ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆಜ್ಞೆ ಹೊರಟು, 2020ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿದ ದಿನಗಳಿಂದಲೂ ಈ ಅಳುಕು ಮನೆಮನೆಯಲ್ಲಿದೆ. ಯಂತ್ರ ಓದುವುದು ಅರ್ಜಿಯಲ್ಲಿರುವುದನ್ನು. ಎಳವೆಯಲ್ಲಿ ಲೆಕ್ಕವನ್ನು ಯಾವ ಭಾಷೆಯಲ್ಲಿ ಕಲಿತೆವೆಂಬುದು, ನಾವಾಗಿ ಬರೆಯದ ಹೊರತು ಅದಕ್ಕೆ ತಿಳಿಯುವುದಿಲ್ಲ. ಕನ್ನಡದಲ್ಲಿ ಗಟ್ಟಿಯಾಗಿ ಕಲಿತು, ಮೇಲೆ ಇಂಗ್ಲಿಷನ್ನು ಬರೆಯಲು ಕಲಿತವನಿಗೆ ಅದು ಬಾಗಿಲು ಮುಚ್ಚಬೇಕಾದ ಕಾರಣವಿಲ್ಲ. ಆದರೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ವಿದ್ಯೆ ಇಲ್ಲದೆ ನಡೆಯುತ್ತದೆಂದು ನಾವು ಯಾರಿಗೂ ಹೇಳಲಾರೆವು.

ಇನ್ನೊಂದು ಮಾತು. ಯಂತ್ರದ ಮುಂದೆ ಹುದ್ದೆಯ ವಿವರವನ್ನು ಬರೆದಿಡುವವನು ಇಂದಿಗೂ ಮನುಷ್ಯನೇ. ಎರಡು ರಾಜ್ಯದ ಕಾರ್ಮಿಕರು ಕೂಡಿ ದುಡಿಯುವ ಕಾರ್ಖಾನೆಯಲ್ಲಿ ಕನ್ನಡ, ತೆಲುಗು ಎರಡನ್ನೂ ಬಲ್ಲವನು ಎಷ್ಟು ಉಪಯುಕ್ತನೆಂದು ಅಲ್ಲಿಯ ಮೇಲ್ವಿಚಾರಕರನ್ನು ಕೇಳಿ ನೋಡಿ. ಆ ಗುಣ ಹುದ್ದೆಯ ವಿವರದಲ್ಲಿ ಇಲ್ಲದಿದ್ದರೆ ಯಂತ್ರ ಅದಕ್ಕೆ ಒಂದು ಅಂಕವನ್ನೂ ಕೊಡದು. ಆದ್ದರಿಂದ ನಮ್ಮ ಬೇಡಿಕೆ ಸಲ್ಲಬೇಕಾದುದು ಆ ಅಧಿಕಾರಿಗೆ: ಕಾರ್ಮಿಕರ ಭಾಷೆಗಳನ್ನು ವಿವರದಲ್ಲಿ ಸೇರಿಸಲಿ, ಯಂತ್ರ ಕೈಬಿಟ್ಟ ಅರ್ಜಿಯನ್ನು ಇನ್ನೊಮ್ಮೆ ನೋಡುವ, ನಮ್ಮ ನುಡಿ ಬಲ್ಲ ಒಬ್ಬ ಮನುಷ್ಯನನ್ನು ಇರಿಸಲಿ. ಸುತ್ತಣ ಕಾರ್ಖಾನೆಗಳಿಗೆ ಸಂಘದ ಪರವಾಗಿ ಹೀಗೆ ಬರೆಯಬೇಕೆಂದು ನಾವು ಸೂಚಿಸುತ್ತೇವೆ.

ಅದಕ್ಕೂ ಮೊದಲು ಮನೆಯಲ್ಲಿಯೇ ಮಾಡಬೇಕಾದ ಕೆಲಸವೊಂದಿದೆ, ಹೆಸರಿನದು. ತೆಲುಗರು ಮನೆತನದ ಹೆಸರನ್ನು ಮುಂದಿಡುತ್ತಾರೆ. ನಮ್ಮಲ್ಲಿ ಊರಿನ, ತಂದೆಯ ಹೆಸರಿನ ಮೊದಲಕ್ಷರಗಳನ್ನು ಇಟ್ಟುಕೊಳ್ಳುವವರು ಬಹಳ. ಶಾಲೆಯ ದಾಖಲೆ ಒಂದು ಬಗೆ, ಆಧಾರ್ ಇನ್ನೊಂದು ಬಗೆ, ಬ್ಯಾಂಕಿನ ಪುಸ್ತಕ ಮತ್ತೊಂದು ಬಗೆ. ಮಂಜುನಾಥನ ಇಂಗ್ಲಿಷ್ ಕಾಗುಣಿತದ ಕೊನೆಯಲ್ಲಿ ಒಂದು ಅಕಾರ ಒಂದೆಡೆ ಇರುತ್ತದೆ, ಒಂದೆಡೆ ಇರುವುದಿಲ್ಲ. ಹಿಂದಿನ ಗುಮಾಸ್ತ ನಕ್ಕು, ಎರಡೂ ಒಬ್ಬನೇ ಎಂದು ಬರೆದುಕೊಳ್ಳುತ್ತಿದ್ದ. 2025ರ ಆಗಸ್ಟ್ 1ರಿಂದ, ಹೊಸದಾಗಿ ನೌಕರಿಗೆ ಸೇರುವವರು ಭವಿಷ್ಯನಿಧಿಯ ಸಂಖ್ಯೆ ಪಡೆಯುವುದಕ್ಕೂ ಸಾಮಾನ್ಯವಾಗಿ ಆಧಾರಿನೊಡನೆ ಮುಖ ಹೊಂದಬೇಕು. ಕಾಗದಗಳಲ್ಲಿ ಹೆಸರು ಒಂದೊಂದು ಬಗೆಯಾಗಿದ್ದರೆ ಯಂತ್ರಕ್ಕೆ ಅವು ಬೇರೆ ಬೇರೆ ಮನುಷ್ಯರು. ಸಂಘದ ವಾಚನಾಲಯದಲ್ಲಿ ಭಾನುವಾರದ ಬೆಳಗ್ಗೆ ಎರಡು ಗಂಟೆ ಹೊತ್ತು ನಮ್ಮ ಪದವೀಧರ ತರುಣರು ಕುಳಿತುಕೊಳ್ಳಲು ಒಪ್ಪಿದ್ದಾರೆ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮುನ್ನವೇ ಮಕ್ಕಳ ಆಧಾರ್, ಶಾಲೆಯ ದಾಖಲೆ, ಬ್ಯಾಂಕಿನ ಪುಸ್ತಕ ಮೂರನ್ನೂ ತನ್ನಿರಿ. ಅಕ್ಷರಕ್ಕೆ ಅಕ್ಷರ ಹೋಲಿಸಿ, ತಿದ್ದುಪಡಿ ಅರ್ಜಿಯನ್ನು ಅಲ್ಲಿಯೇ ಬರೆದುಕೊಡುತ್ತಾರೆ.