ಬೆಂಚಿನ ಹಲಗೆಯ ಹಡಗು



ಮೇಜಿನ ಮೇಲಿರುವುದು ‘ಟ್ರಿಂಕೋಮಲಿ’ ಎಂಬ ಹಾಯಿ ಯುದ್ಧನೌಕೆಯ ಮಾದರಿ. ಮೂಲ ಹಡಗನ್ನು ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದರು. ಅದು ಈಗಲೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿದೆ. ಸುಮಾರು 46 ಮೀಟರ್ ಉದ್ದದ ಒಡಲು ಇಲ್ಲಿ 46 ಸೆಂಟಿಮೀಟರ್.

ಇದರ ಮರವೂ ತೇಗವೇ, ನಮ್ಮ ಎಂಟನೇ ತರಗತಿಯ ಮುರಿದ ಬೆಂಚಿನದು. ಮೂತಿಯ ಬಳಿ ಪಟ್ಟಿ ಬಾಗಿಸುವುದೇ ಕಷ್ಟ. ಆತುರಪಟ್ಟು ಒಣಗಿದ್ದನ್ನೇ ಬಗ್ಗಿಸಿದೆ, ಏಳು ಮುರಿದವು. ಅಂಥ ಬೆಂಚು ಇನ್ನೊಂದಿರಲಿಲ್ಲ! ಆಮೇಲೆ ಬಿಸಿನೀರಲ್ಲಿ ನೆನೆಸಿ, ಕಾದ ಕೊಳವೆಗೆ ಒತ್ತಿ ಬಾಗಿಸಿ, ಎಡಕ್ಕೊಂದು ಬಲಕ್ಕೊಂದರಂತೆ ಅಂಟಿಸಿದೆ. ಒಂದೇ ಬದಿ ಹೊದಿಸುತ್ತಾ ಹೋದರೆ ಒಡಲು ಸೊಟ್ಟಗಾಗುತ್ತದೆ.

ಪೀಠದ ಹಲಗೆಯಲ್ಲಿ ಯಾರೋ ಕೈವಾರದಿಂದ ಕೊರೆದ ಎರಡಕ್ಷರಗಳಿವೆ. ಉಜ್ಜಿ ಅಳಿಸಿಲ್ಲ. ನಿಮ್ಮದೇನೋ, ಬಂದು ನೋಡಿ.